ಮಖಮಲ್ ಕೋಟಿನ ಎಡತೋಳು

ಕಟಿಂಗ್ ಮಾಸ್ಟರ್ ಆ ಹುಡುಗಿಯ ಕೈ ಹಿಡಿದಿದ್ದ!

ಕತ್ತರಿ ಹಿಡಿಯುವುದನ್ನು ಕಲಿಸಲಿಕ್ಕೇ ಇರಬಹುದು. ಆದರೆ ಮೂಲೆಯ ಮಷಿನ್ ಮುಂದೆ ಕೂತಿದ್ದ ನಮ್ಮ ಹೊಲಿಗೆಯವಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಮೂರು ವಾರದ ಹಿಂದಿನವರೆಗೂ ಕಿಟಕಿಯ ಪಕ್ಕ, ಮಾಸ್ಟರನ ಮೇಜಿಗೆ ತಾಗಿದ ಆ ಜಾಗ ಅವಳದೇ. ಆರು ವರ್ಷ ಅವನು ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಅಷ್ಟರಲ್ಲಿ ಈ ಹೊಸ ಹುಡುಗಿ ಬಂದಳು. ಗಿರಾಕಿಯ ಕೋಟನ್ನು ಇಸ್ತ್ರಿಯಲ್ಲಿ ಸುಟ್ಟು, ತಪ್ಪನ್ನು ಇವಳ ತಲೆಗೆ ಕಟ್ಟಿದಳು. ಅಂಗಡಿಯ ಯಜಮಾನಿ ಕಿಟಕಿಯ ಜಾಗವನ್ನು ಹುಡುಗಿಗೆ ಕೊಟ್ಟು, ಇವಳನ್ನು ಕತ್ತಲ ಮೂಲೆಗೆ ಕಳಿಸಿದಳು. ಮಾಸ್ಟರ್ ತುಟಿ ಪಿಟಕ್ಕೆನ್ನಲಿಲ್ಲ. ಇವಳಿಗೆ ಹೆಚ್ಚು ಉರಿದದ್ದು ಅದೇ.

ಮಧ್ಯಾಹ್ನ ಮಖಮಲ್ ಕೋಟಿನ ತುಂಡುಗಳು ಹೊಲಿಗೆಗೆ ಬಂದವು. ಹೊಸಬಳು ಒಬ್ಬಳೇ ಕತ್ತರಿಸಿದ ಮೊದಲ ಕೋಟು. ಇದು ಕೆಟ್ಟರೆ ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತದೆ ಎಂದು ಯಜಮಾನಿ ಆ ಹುಡುಗಿಗೆ ಮೊದಲೇ ಎಚ್ಚರಿಸಿದ್ದಳು.

ಎಡತೋಳನ್ನು ಸವರಿದ ಹೊಲಿಗೆಯವಳ ಅಂಗೈ ಅಲ್ಲೇ ನಿಂತಿತು. ಮಖಮಲ್ಲಿನ ಎಳೆಗಳು ಎಲ್ಲ ತುಂಡಿನಲ್ಲೂ ಒಂದೇ ದಿಕ್ಕಿಗೆ ಮಲಗಿರಬೇಕು. ಇದೊಂದು ತಲೆಕೆಳಗಾಗಿ ಕತ್ತರಿಸಿದ್ದು. ಬಿಸಿಲಿಗೆ ಹೋದರೆ ಈ ತೋಳಿನ ಬಣ್ಣವೇ ಬೇರೆ ಕಾಣುತ್ತದೆ.

'ನಾನು ಸುಮ್ಮನೆ ಹೊಲಿದುಬಿಟ್ಟರೆ ಸಾಕು... ನಾಳೆ ಅವಳು ಇರುವುದಿಲ್ಲ.'

ಎಷ್ಟು ಸಿಹಿಯಾಗಿತ್ತು ಆ ಯೋಚನೆ!

ಸೂಜಿಗೆ ದಾರ ಪೋಣಿಸಲು ಹೋದಳು. ಪೋಣಿಸುವ ಮುನ್ನ ಕಣ್ಣು ಮುಚ್ಚಿ ಒಂದು ಮಾತು ಹೇಳುವುದು ಅಮ್ಮ ಕಲಿಸಿದ ಅಭ್ಯಾಸ. 'ದೇವರೇ, ಈ ಕೈಯಿಂದ ಯಾರಿಗೂ ಕೆಡುಕಾಗದಿರಲಿ.' ಅದನ್ನು ಹೇಳದೆ ಅವಳು ಒಂದು ಗುಂಡಿಯನ್ನೂ ಹೊಲಿದವಳಲ್ಲ. ಇವತ್ತು ನಾಲಿಗೆ ಏಳಲಿಲ್ಲ. ಹೇಳಿದರೆ ಈ ತೋಳು ಹೊಲಿಯುವಂತಿಲ್ಲ, ಹೇಳದೆ ಹೊಲಿದರೆ ನಾಳೆಯಿಂದ ಯಾವ ಮುಖ ಹೊತ್ತು ಕಣ್ಣು ಮುಚ್ಚುವುದು?

ಕಿಟಕಿಯ ಬಳಿ ಅವರಿಬ್ಬರೂ ತಲೆಗೆ ತಲೆ ತಾಗಿಸಿ ಪಿಸುಗುಡುತ್ತಿದ್ದರು. ಅವಳಿಗೆ ಅಳು ಬಂತು. ಆದರೂ ತೋಳನ್ನೆತ್ತಿಕೊಂಡು ಎದ್ದಳು.

"ಎಳೆ ತಿರುಗಿದೆ ನೋಡು. ಬಟ್ಟೆ ಉಳಿದಿದೆ, ಯಜಮಾನಿ ಬರೋದ್ರೊಳಗೆ ಇನ್ನೊಂದು ಕತ್ತರಿಸು."

ಹುಡುಗಿಯ ಮುಖ ಬಿಳಿಚಿಕೊಂಡಿತು.

"ಅಕ್ಕಾ... ನಾನು ನಿಮಗೆ ಅಷ್ಟು ಮಾಡಿದ್ರೂ..."

ಬೇಗ ಬೇಗ ಹೊಸ ತೋಳು ಕತ್ತರಿಸಿ ಕೊಟ್ಟಳು. ಸಂಜೆ ತಾನಾಗಿಯೇ ಯಜಮಾನಿಯ ಬಳಿ ಹೋಗಿ ಇಸ್ತ್ರಿಯ ವಿಷಯ ಒಪ್ಪಿಕೊಂಡಳು. ಯಜಮಾನಿ ಇಬ್ಬರನ್ನೂ ಕರೆದು, ಒಬ್ಬಳನ್ನು ಚೆನ್ನಾಗಿ ಬೈದು, ಇನ್ನೊಬ್ಬಳಿಗೆ ಕಿಟಕಿಯ ಜಾಗಕ್ಕೆ ವಾಪಸ್ಸಾಗಲು ಹೇಳಿದಳು. ಕತ್ತರಿ ಕಲಿಯುವವಳಿಗೇ ಬೆಳಕು ಬೇಕು, ಅವಳು ಅಲ್ಲೇ ಇರಲಿ, ನನಗೆ ಮೂಲೆಯೇ ಸಾಕು ಎಂದಳು ಹೊಲಿಗೆಯವಳು.

ಮಾಸ್ಟರ್ ತಲೆ ತಗ್ಗಿಸಿ ಮೂಲೆಗೆ ಬಂದ.

"ಸುಟ್ಟಿದ್ದು ಅವಳೇ ಅಂತ ನಂಗೊತ್ತಿತ್ತು. ನೀನೇ ಒಪ್ಕೋ ಅಂತ ದಿನಾ ಅವಳ ಬೆನ್ನು ಬಿದ್ದಿದ್ದೆ. ಅವಳ ಕೆಲಸ ಹೋಗುತ್ತೆ ಅಂತ ನಾನು ಬಾಯಿ ಬಿಡಲಿಲ್ಲ. ನಿಮ್ಮ ಪರ ನಿಲ್ಲಬೇಕಿತ್ತು... ತಪ್ಪಾಯ್ತು."

"ನಿಮ್ಮಿಬ್ಬರನ್ನ ನೋಡಿ ನೋಡಿ ನಾನು ಬೂದಿಯಾಗೋದೊಂದು ಬಾಕಿ ಇತ್ತು."

"ಯಾಕೆ?"

"ಆರು ವರ್ಷ ಪಕ್ಕದಲ್ಲಿ ಕೂತವರಿಗೆ ಇದನ್ನೂ ಹೇಳ್ಬೇಕಾ?"

ಮರುದಿನ ಬೆಳಿಗ್ಗೆ ಅವಳು ಬಂದಾಗ ಅವನ ದೊಡ್ಡ ಮೇಜು ಕಿಟಕಿ ಬಿಟ್ಟು ಕತ್ತಲ ಮೂಲೆಗೆ, ಅವಳ ಮಷಿನ್ನಿಗೆ ತಾಗಿ ನಿಂತಿತ್ತು.

"ಇಲ್ಲಿ ಬೆಳಕಿಲ್ಲ ಮಾಸ್ಟರ್. ತೋಳು ತಲೆಕೆಳಗಾಗುತ್ತೆ."

"ಆಗ್ಲಿ ಬಿಡಿ. ಸವರಿ ನೋಡಿ ಹೇಳೋಕೆ ನೀವಿದ್ದೀರಲ್ಲ... ಜೀವನಪೂರ್ತಿ."

ಅವಳು ಕಣ್ಣು ಮುಚ್ಚಿ ತನ್ನ ಮಾತು ಹೇಳಿಕೊಂಡು, ದಾರ ಪೋಣಿಸಿದಳು.