ಬಾಗಿದ ಭುಜ

ರೇಣುಕಾ ಮಾಳಿಗೆ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದಳು. ಮಂಗಳವಾರ ಬೆಳಿಗ್ಗೆ ಅವಳನ್ನು ಮೊದಲು ಕಂಡವಳು ಪಕ್ಕದ ಮನೆಯ ಉಚ್ಚಂಗೆಮ್ಮ. ಅವಳ ಕೂಗಿಗೆ ಕೊಟ್ಟೂರಿನ ಆ ಓಣಿಯೇ ಎದ್ದು ಬಂತು.

ಸಬ್ ಇನ್ಸ್‌ಪೆಕ್ಟರ್ ಕ್ರಾಂತಿ ಬರುವ ಹೊತ್ತಿಗೆ ಮಗ ಬಸವೇಶ್ ತಾಯಿಯ ಕಾಲ ಬಳಿ ಕುಳಿತಿದ್ದ. ಹತ್ತೊಂಬತ್ತರ ಹುಡುಗ. ಅಳುತ್ತಿರಲಿಲ್ಲ.

"ಕಾಲು ಜಾರೈತ್ರಿ ಮೇಡಂ," ಎಂದರು ಯಾರೋ.

ಕ್ರಾಂತಿ ಬಗ್ಗಿ ನೋಡಿದಳು. ತಲೆಗೆ ಪೆಟ್ಟಿಲ್ಲ. ಮೊಣಕೈ ತರಚಿಲ್ಲ. ಕೈತುಂಬ ಗಾಜಿನ ಬಳೆ, ಒಂದೂ ಒಡೆದಿಲ್ಲ. ಕಲ್ಲಿನ ಮೆಟ್ಟಿಲು ಉರುಳಿದವಳ ಬಳೆ ಹೀಗಿರುತ್ತದೆಯೇ?

ಮಧ್ಯಾಹ್ನ ವೈದ್ಯರು ಹೇಳಿದರು: "ಎಡಪಕ್ಕೆಯ ಎಲುಬು ಮುರಿದಿದೆ. ಒಳಗೊಳಗೇ ರಕ್ತ ಸೋರಿ ಸತ್ತಿದ್ದಾಳೆ. ಮೆಟ್ಟಿಲಿಂದ ಬಿದ್ದಿದ್ದಲ್ಲ. ಅಲ್ಲಿ ಬಂದು ಕುಸಿದಿದ್ದಾಳೆ ಅಷ್ಟೆ."

"ಪೆಟ್ಟು ಬಿದ್ದದ್ದು ಯಾವಾಗ?"

"ನಿನ್ನೆ ಇರಬಹುದು. ಅದಕ್ಕೂ ಹಿಂದೆ ಇರಬಹುದು. ಖಚಿತವಾಗಿ ಹೇಳೋಕಾಗಲ್ಲ."

* * *

ಉಚ್ಚಂಗೆಮ್ಮ ದನಿ ತಗ್ಗಿಸಿದಳು. "ನಿನ್ನೆ ಸಂಜಿ ಅಕಿ ಗಂಡ ಬಂದಿದ್ದ್ರಿ. ಓಣಿಗೆಲ್ಲ ಕೇಳಂಗ ಒದರ್‍ಯಾಡಿ ಹೋಗ್ಯಾನ."

ಗಂಡ ಹುಲುಗೇಶ್ ಹೆಂಡತಿಯನ್ನು ಬಿಟ್ಟು ವರ್ಷಗಳಾಗಿದ್ದವು. ಕಾನಹೊಸಹಳ್ಳಿಯ ಗ್ಯಾರೇಜೊಂದರಲ್ಲಿ ಕೆಲಸ. ಕುಡಿತ ಇತ್ತು. ಸಂಜೆಯೊಳಗೆ ಅವನು ಠಾಣೆಯಲ್ಲಿದ್ದ.

"ಬೈದೆ, ಖರೆ. ಮುಟ್ಟಿಲ್ರಿ," ಎಂದ.

"ಯಾಕ ಬೈದಿ?"

"ಚಿತ್ರ ಬರಿಯೋ ಹುಡುಗರ ಮುಂದ ಗೊಂಬಿಯಂಗ ಕುಂದ್ರತಾಳಂತ ಯಾರೋ ಅಂದ್ರು. ಕೇಳಾಕ ಬಂದೆ. ಕುಂತಾಕಿ ಕುಂತಂಗ ಇದ್ಲು. ಒಂದು ಚೆರಿಗಿ ನೀರು ಸೈತ ಎದ್ದು ಕೊಡಲಿಲ್ಲ. ಸಿಟ್ಟು ಬಂತು, ಒದರಿ ಹೋದೆ."

ಬಸವೇಶ್ ಬಂದು ಹೇಳಿಕೆ ಕೊಟ್ಟ. "ಭಾನುವಾರ ಸಂಜಿ ಅವ್ವ ಚೊಲೊ ಇದ್ಲು. ಮನ್ಯಾಗ ಎದುರಿಗೆ ಕುಂದ್ರಿಸಿ ಅಕಿ ಚಿತ್ರ ಬರ್ದೀನಿ. ಬೇಕಾದ್ರ ನೋಡ್ರಿ. ಚಿತ್ರ ಕಲಸೋ ಮೇಷ್ಟ್ರ ಹತ್ರ ಐತಿ."

ಭಾನುವಾರ ಚೆನ್ನಾಗಿದ್ದವಳು. ಸೋಮವಾರ ಗಂಡ ಬಂದ. ಮಂಗಳವಾರ ಹೆಣ. ಪ್ರಕರಣ ಮುಗಿದಂತೆಯೇ ಇತ್ತು. ಆದರೆ ನೀರಿನ ಮಾತು ಕ್ರಾಂತಿಯ ತಲೆಯಿಂದ ಹೋಗಲೊಲ್ಲದು. ಹೊಡೆದವನು ತನ್ನ ಸಿಟ್ಟಿಗೆ ಅಂಥ ಕಾರಣ ಕಟ್ಟಿ ಹೇಳುತ್ತಾನೆಯೇ?

* * *

ಪಾಲಾಕ್ಷಪ್ಪ ಮೇಷ್ಟ್ರ ಚಿತ್ರಕಲಾ ತರಗತಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಮಂಡಕ್ಕಿ ಭಟ್ಟಿಯ ಕೆಲಸದ ನಡುವೆ ಬಿಡುವು ಮಾಡಿಕೊಂಡು ರೇಣುಕಾ ಈಚೆಗಷ್ಟೇ ಅಲ್ಲಿ ಮಾಡೆಲ್ ಆಗಿ ಕೂರತೊಡಗಿದ್ದಳು. ಬಸವೇಶ್ ಅಲ್ಲಿಯೇ ವಿದ್ಯಾರ್ಥಿ.

"ಶುಕ್ರವಾರ ಅಕಿನ್ನ ಮೊದಲ ಸಲ ಕುಂದ್ರಿಸಿದ್ವಿ," ಎಂದರು ಮೇಷ್ಟ್ರು. "ಮನ್ಯಾಗ ಅಭ್ಯಾಸ ಮಾಡ್ಲಿ ಅಂತ ಒಂದು ಫೋಟೊ ತಗದು ಹುಡುಗರ ಗ್ರೂಪಿಗೆ ಹಾಕ್ದೆ. ಭಾನುವಾರ ಮುಂಜಾನೆ ಮತ್ತ ಕುಂತಿದ್ಲು. ಬಸವೇಶ್ ಅವತ್ತು ಬರಲಿಲ್ಲ. ಮನ್ಯಾಗ ಬರದದ್ದು ಸೋಮವಾರ ತಂದು ಕೊಟ್ಟ. ನೋಡ್ರಿ, ಅವಂದೊಂದೇ ಸರಿ ಬಂದೈತಿ."

ಬಸವೇಶನ ಚಿತ್ರದಲ್ಲಿ ರೇಣುಕಾ ನೆಟ್ಟಗೆ ಕುಳಿತಿದ್ದಳು. ಉಳಿದ ಆರು ಹುಡುಗ ಹುಡುಗಿಯರ ಭಾನುವಾರದ ಹಾಳೆಗಳಲ್ಲಿ ಎಡಭುಜ ಕೆಳಗೆ ಬಾಗಿತ್ತು. ಎಡತೋಳು ಪಕ್ಕೆಯನ್ನು ಅವುಚಿ ಹಿಡಿದಿತ್ತು. ಪ್ರತಿ ಹಾಳೆಯ ಮೇಲೂ ಮೇಷ್ಟ್ರ ಕೆಂಪು ಪೆನ್ಸಿಲು ಭುಜವನ್ನು ಎತ್ತಿ ತಿದ್ದಿತ್ತು.

ಕ್ರಾಂತಿ ಆರನ್ನೂ ನೆಲದ ಮೇಲೆ ಹಾಸಿದಳು. ಒಂದು ಎದುರಿನಿಂದ ಬರೆದದ್ದು. ಒಂದು ಬಲಗಡೆಯಿಂದ. ಚಂದನಾ ಎಂಬ ಹುಡುಗಿಯದು ಬೆನ್ನ ಕಡೆಯಿಂದ.

"ಮೇಷ್ಟ್ರೇ, ಆರು ಜನ ಆರು ಕಡೆ ಕುಂತು ಒಂದೇ ತಪ್ಪು ಮಾಡ್ತಾರೇನ್ರಿ?"

ಮೇಷ್ಟ್ರು ಕನ್ನಡಕ ತೆಗೆದರು.

"ನೆಟ್ಟಗ ಕುಂದ್ರು ರೇಣುಕಮ್ಮ ಅಂತ ಗದರಿದ್ದೆ," ಎಂದರು. "ನಕ್ಕು, ಹೂಂ ಅಂದ್ಲು. ಮತ್ತ ಬಾಗಿದ್ಲು. ಈ ಹುಡುಗರು ಕಂಡದ್ದನ್ನ ಬರದಿದ್ರು. ನಾನು ಫೋಟೊ ನೋಡಿ ತಿದ್ದಿದೆ."

ಕ್ರಾಂತಿ ಫೋಟೊ ತರಿಸಿ ಬಸವೇಶನ ಚಿತ್ರದ ಪಕ್ಕಕ್ಕೆ ಹಿಡಿದಳು. ಸೆರಗಿನ ಮಡಿಕೆ ಮಡಿಕೆಯೂ ಒಂದೇ. ಫೋನು ಹತ್ತಿರವಿದ್ದುದಕ್ಕೆ ಮುಂದಿನ ಮೊಣಕಾಲು ದೊಡ್ಡದಾಗಿ ಕಂಡಿತ್ತು. ಚಿತ್ರದಲ್ಲೂ ಅಷ್ಟೇ ದೊಡ್ಡದು.

* * *

ಬಸವೇಶನನ್ನು ಅಲ್ಲಿಗೇ ಕರೆಸಿದಳು.

"ಇದು ನಿಮ್ಮವ್ವನ್ನ ಕುಂದ್ರಿಸಿ ಬರದದ್ದಲ್ಲ. ಶುಕ್ರವಾರದ ಫೋಟೊ ನೋಡಿ ಬರದದ್ದು. ಎರಡು ದಿನ ಬಿಟ್ಟು ಕುಂತಾಕಿ ಸೆರಗು ಅದೇ ಮಡಿಕಿಗೆ ಬೀಳಂಗಿಲ್ಲ ತಮ್ಮಾ. ಭಾನುವಾರ ಮುಂಜಾನಿಗಾಗಲೇ ಅಕಿಗೆ ಪೆಟ್ಟಾಗಿತ್ತು, ಅದಕ್ಕಾ ಮರುದಿನ ನಿಮ್ಮಪ್ಪಗ ಎದ್ದು ನೀರು ಕೊಡಾಕ ಆಗಲಿಲ್ಲ. ನಿಮ್ಮಪ್ಪ ಬಂದದ್ದು ಸೋಮವಾರ. ಅಲ್ಲೀತನಕ ಗ್ಯಾರೇಜ್ ಬಿಟ್ಟು ಕದಲಿಲ್ಲ, ಕೇಳ್ಸೀನಿ. ಶನಿವಾರ ಮನ್ಯಾಗ ಇದ್ದವರು ನೀವಿಬ್ಬರೇ."

ಹುಡುಗ ತನ್ನ ಚಿತ್ರವನ್ನು ಬೋರಲು ಹಾಕಿದ.

"ಫೋಟೊ ನೋಡಿ ಹುಡುಗರು ನಕ್ಕರ್‍ರಿ. ಬಸವನ ಅವ್ವ ನಮ್ಮ ಮಾಡೆಲ್ ಅಂತ. ಹೋಗಬ್ಯಾಡ ಅಂದೆ. ನೀ ಕಲೀಲಿ ಅಂತಲೇ ಕುಂದ್ರತೀನಿ ಅಂದ್ಲು. ನೂಕಿದೆ. ಕಬ್ಬಿಣದ ಮಂಚದ ಅಂಚಿಗೆ ಬಿದ್ಲು. ದವಾಖಾನಿಗೆ ಹೋಗಾಣ ಅಂದ್ರ, ಯಾರು ಹೊಡದ್ರು ಅಂತ ಕೇಳ್ತಾರ, ಬ್ಯಾಡ ಅಂದ್ಲು. ಸತ್ತ ಮ್ಯಾಲ ಹೆದರಿಕಿ ಆತ್ರಿ. ಅಪ್ಪನ ಮ್ಯಾಲ ಹೋಗ್ಲಿ ಅಂತ..."

ಅವನ ಕಣ್ಣು ನೆಲದ ಹಾಳೆಗಳ ಮೇಲೆ ಬಿತ್ತು. ಮಂಡಿಯೂರಿ ಒಂದೊಂದನ್ನೇ ನೋಡಿದ. "ಮೇಷ್ಟ್ರೇ, ಅವ್ವ ಎಲ್ಲಿ ನೋಡಾಕತ್ಯಾಳ?"

"ಕಿಟಕಿ ನೋಡು ಅಂದಿದ್ದೆ," ಎಂದರು ಮೇಷ್ಟ್ರು. "ಬಾಗಿಲ ಕಡೆಗೇ ನೋಡತಿದ್ಲು. ನೀ ಬರ್ತಿಯೇನೋ ಅಂತ."

ಆಗ ಹುಡುಗ ಅತ್ತ. ಅವನನ್ನು ಎಬ್ಬಿಸಲು ಕ್ರಾಂತಿಗೆ ಮನಸ್ಸಾಗಲಿಲ್ಲ.

* * *

ಬಸವೇಶನನ್ನು ಠಾಣೆಗೆ ತಂದು, ಹುಲುಗೇಶನನ್ನು ಬಿಡುಗಡೆ ಮಾಡಿ, ಕ್ರಾಂತಿಯೇ ವಿಷಯ ತಿಳಿಸಿದಳು.

"ನಾನಾ ಹೊಡದೆ ಅಂತ ಬರಕೊಳ್ರಿ ಮೇಡಂ. ಹೆಂಗಿದ್ರೂ ಕೆಟ್ಟವ ಅದೀನಿ."

"ಆಗಂಗಿಲ್ಲಪ್ಪ."

"ಅವ ಇನ್ನಾ ಸಣ್ಣವ ಅದಾನ್ರೀ."

ಕ್ರಾಂತಿ ಕಡತ ಮುಚ್ಚಿದಳು. ಹೆಣ ಒಯ್ಯಲು ಹೇಳಿದಳು. ಮಣ್ಣು ಮಾಡುವ ಹೊತ್ತಿಗೆ ಮಗನನ್ನು ಕರೆತರುವುದಾಗಿ ಮಾತು ಕೊಟ್ಟಳು. ಹುಲುಗೇಶ್ ಹೊರಟವನು ಬಾಗಿಲಲ್ಲಿ ತಿರುಗಿದ.

"ಅಕಿಗೆ ಯಾವ ಸೀರಿ ಉಡಸ್ಬೇಕು? ನನಗೇನೂ ಗೊತ್ತಿಲ್ರಿ. ಅವನ್ನ ಕೇಳ್ರಿ."

ಕ್ರಾಂತಿ ಒಳಗೆ ಹೋಗಿ ಕೇಳಿದಳು. ಬಸವೇಶ್ ತಲೆ ಎತ್ತದೆ ಹೇಳಿದ:

"ಟ್ರಂಕಿನ ತಳದಾಗ ಒಂದು ನೀಲಿ ಸೀರಿ ಐತ್ರಿ. ಅಪ್ಪ ತಂದಿದ್ದಂತ. ಮಡಿಕಿ ಬಿಚ್ಚಿ ನೋಡಿ, ಹಂಗಾ ಇಡತಿದ್ಲು."

ಅವಳು ಹೊರಗೆ ಬಂದು ಅದನ್ನೇ ಹೇಳಿದಳು. ಹುಲುಗೇಶ್ ಕೇಳಿಸಿಕೊಂಡ. ಹೂಂ ಎಂದ. ಎರಡು ಹೆಜ್ಜೆ ನಡೆದು ಠಾಣೆಯ ಅಂಗಳದಲ್ಲೇ ಕುಕ್ಕರಿಸಿದ.