ಕಚ್ಚಿಟ್ಟ ಹಾಲುಬಾಯಿ

"ಇವತ್ತೂ ಕಚ್ಚಿದ್ದಾರೆ!"

ಸದಾನಂದರು ಹಿತ್ತಾಳೆ ತಟ್ಟೆಯನ್ನು ತಂದು ನಮ್ಮ ಟೇಬಲ್ಲಿನ ಮೇಲೆ ಕುಕ್ಕಿದರು. ದೇವರ ಪಟದ ಮುಂದೆ ಇಡುವ ಐದು ತುಂಡು ಹಾಲುಬಾಯಿ, ಅಕ್ಕಿ-ಬೆಲ್ಲದ ಮೆತ್ತನೆ ಸಿಹಿ. ಒಂದರ ಮೂಲೆ ಇರಲಿಲ್ಲ!

ಮುಂಬೈ ಫೋರ್ಟಿನ ಅವರ ಹೋಟೆಲಿನಲ್ಲಿ ಬೆಳಗಿನ ಎಂಟು ಗಂಟೆ. ಎದುರಿನ ಬಿಲ್ಡಿಂಗಿನಲ್ಲಿ ನನ್ನ ಹಲ್ಲಿನ ದವಾಖಾನೆ. ಜೊತೆಗೆ ಕೂತಿದ್ದವರು ವಾರಿಜಕ್ಕ—ಪೊಲೀಸ್ ಬೆರಳಗುರುತು ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು.

"ಇದು ಮೂರನೇ ಶುಕ್ರವಾರ, ಮಾರಾಯ್ರೇ. ನೈವೇದ್ಯಕ್ಕೆ ಮೊದಲೇ ಎಂಜಲು! ಕಳ್ಳ ಯಾರೂಂತ ನನಗೆ ಗೊತ್ತುಂಟು."

"ಯಾರು?" ಎಂದರು ವಾರಿಜಕ್ಕ.

"ಶಿವಪುತ್ರಪ್ಪ. ಆ ಗುರುತು ನೋಡಿ."

ನೋಡಿದೆ. ಎರಡು ಮುಂದಿನ ಹಲ್ಲುಗಳ ಅಚ್ಚು. ನಡುವೆ ಸಿಹಿ ಕತ್ತರಿಸದೆ ಸಣ್ಣ ಬದುವಿನಂತೆ ಉಳಿದಿತ್ತು. ಕಚ್ಚಿದವರ ಹಲ್ಲುಗಳ ನಡುವೆ ಸಂದಿ ಇದೆ. ಪಾತ್ರೆ ತೊಳೆಯುವ ಶಿವಪುತ್ರಪ್ಪ ನಕ್ಕರೆ ಮೊದಲು ಕಾಣುವುದೇ ಆ ಸಂದಿ. ದೇವರ ಹಲಗೆ ಒರೆಸುವವನೂ ಅವನೇ.

ಅವನನ್ನು ಕರೆದರು. ಕಲಬುರಗಿ ಕಡೆಯವನು, ನಲವತ್ತರ ಆಸುಪಾಸು. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದ.

"ನಾ ತಿಂದಿಲ್ರೀ ಶೇಟ್ರ. ದೇವ್ರ ಮುಂದಿಂದು ಮುಟ್ಟಾಂವಲ್ಲ ನಾ."

ವಾರಿಜಕ್ಕ ಅಡುಗೆಮನೆಯಿಂದ ಇನ್ನೊಂದು ತುಂಡು ತರಿಸಿದರು. "ಇದನ್ನು ಕಚ್ಚಪ್ಪ. ನುಂಗಬೇಡ, ಗುರುತು ಸಾಕು."

ಕಚ್ಚಿದ. ಎರಡು ತುಂಡುಗಳನ್ನು ಅಕ್ಕಪಕ್ಕ ಇಟ್ಟೆವು. ನಡುವಿನ ಬದು—ಒಂದೇ ಅಗಲ!

"ಆಯ್ತಲ್ಲ?" ಸದಾನಂದರು ಎದ್ದರು. "ಇವತ್ತೇ ಊರಿನ ರೈಲು ಹತ್ತಿಸ್ತೇನೆ."

"ಒಂಬತ್ ವರ್ಷ ಆತ್ರೀ ಇಲ್ಲೆ," ಎಂದ ಶಿವಪುತ್ರಪ್ಪ. "ಮಗಳ ಸಾಲಿ ಇಲ್ಲೇ ಐತಿ. ಎಲ್ಲಿಗೆ ಹೋಗ್ಲಿ?"

ಪಕ್ಕದ ಟೇಬಲ್ಲಿನಲ್ಲಿ ಇಡ್ಲಿ ತಿನ್ನುತ್ತಿದ್ದ ಯಕ್ಷಿತಾಳ ಚಮಚ ನಿಂತಿತು. ಸದಾನಂದರ ಹನ್ನೊಂದು ವರ್ಷದ ಮಗಳು. ದಿನಾ ಅಪ್ಪನ ಜೊತೆ ಬೊರಿವಲಿಯಿಂದ ಲೋಕಲ್ ಹಿಡಿದು ಬಂದು, ಇಲ್ಲಿ ತಿಂಡಿ ತಿಂದು ಹತ್ತಿರದ ಶಾಲೆಗೆ ಹೋಗುವವಳು. ಬಾಯಿಗೆ ಕರ್ಚೀಫು ಅಡ್ಡ ಹಿಡಿದಿದ್ದಳು.

ವಾರಿಜಕ್ಕ ಇನ್ನೂ ತುಂಡುಗಳನ್ನೇ ನೋಡುತ್ತಿದ್ದರು.

"ಹಿಂದಿನ ಎರಡು ಶುಕ್ರವಾರದ್ದು ಉಂಟಾ?"

"ಬಿಸಾಡಿದೆ. ಫೋಟೊ ಉಂಟು, ಹೆಂಡತಿಗೆ ತೋರಿಸ್ಲಿಕ್ಕೆ ತೆಗೆದದ್ದು."

ಫೋನು ನನ್ನ ಮುಂದೆ ಬಂತು. ಮೊದಲ ಶುಕ್ರವಾರ—ನಡುವಿನ ಬದು ಇದೆಯೋ ಇಲ್ಲವೋ ಎಂಬಂತೆ, ಕೂದಲೆಳೆಯಷ್ಟು. ಎರಡನೆಯದರಲ್ಲಿ ಅಕ್ಕಿಕಾಳಿನ ದಪ್ಪ. ಇವತ್ತು ಬೆಂಕಿಕಡ್ಡಿಗಿಂತ ಅಗಲ.

"ಸುಹಾಸ, ನಲವತ್ತು ವರ್ಷದವನ ಸಂದಿ ಎರಡೇ ವಾರದಲ್ಲಿ ಇಷ್ಟು ಬೆಳೀತದಾ?"

"ಸಾಧ್ಯವೇ ಇಲ್ಲ," ಎಂದೆ. "ನಮ್ಮ ಅಂಗುಳದ ಮೂಳೆ ಒಂದಲ್ಲ, ಎರಡು ಹೋಳು. ನಡುವೆ ಹೊಲಿಗೆಯಂಥ ಗೆರೆ. ಎಳವೆಯಲ್ಲಿ ಅದು ಸಡಿಲ. ವಯಸ್ಸಾದಂತೆ ಒಂದಕ್ಕೊಂದು ಹೆಣೆದುಕೊಂಡು ಬೆಸೆಯುತ್ತದೆ. ಯಾವ ವಯಸ್ಸಿಗೆ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಆದರೆ ಈ ವಯಸ್ಸಿಗೆ ಆಪರೇಷನ್ ಇಲ್ಲದೆ ಅದನ್ನು ಬಿಡಿಸುವುದು ಬಹಳ ಕಷ್ಟ. ಮಕ್ಕಳಿಗಾದರೆ ಅಂಗುಳಕ್ಕೆ ಸಣ್ಣ ಸ್ಕ್ರೂ ಕೂರಿಸಿ, ದಿನಾ ಕೀಲಿಯಿಂದ ತಿರುಗಿಸಿದರೆ ಹೋಳುಗಳು ದೂರ ಸರಿಯುತ್ತವೆ. ಆಗ ಮುಂದಿನ ಹಲ್ಲುಗಳ ನಡುವೆ..."

ನನ್ನ ಕಣ್ಣು ಪಕ್ಕದ ಟೇಬಲ್ಲಿನ ಕಡೆ ಹೋಯಿತು.

"ಸಂದಿ ಬೀಳ್ತದೆ," ವಾರಿಜಕ್ಕ ಮುಗಿಸಿದರು. "ಎಲ್ಲರೂ ಇವತ್ತಿನ ಗುರುತು ನೋಡಿದಿರಿ. ಮೂರನ್ನೂ ಒಟ್ಟಿಗೆ ಯಾರೂ ನೋಡಲಿಲ್ಲ. ಶಿವಪುತ್ರಪ್ಪನ ಸಂದಿ ಮೊದಲಿಂದ ಇದ್ದಷ್ಟೇ ಉಂಟು. ಕಚ್ಚಿದವರದ್ದು ವಾರ ವಾರ ಬೆಳೀತಾ ಬಂದು ಇವತ್ತು ಅವನದ್ದಕ್ಕೆ ಸಮ ಆಗಿದೆ, ಅಷ್ಟೇ." ಅವರು ಪಕ್ಕಕ್ಕೆ ತಿರುಗಿದರು. "ಯಕ್ಷಿತಾ, ಕರ್ಚೀಫ್ ತೆಗಿ ಮಗಾ."

ಕರ್ಚೀಫು ಕೆಳಗಿಳಿಯಿತು. ಕಣ್ಣು ತುಂಬಿತ್ತು. ಮುಂದಿನ ಹಲ್ಲುಗಳ ನಡುವೆ ಅಗಲವಾದ ಸಂದಿ. ಒಳಗೆ ಸ್ಕ್ರೂ ಮಿಂಚುತ್ತಿತ್ತು.

"ಸಾರಿ, ಪಪ್ಪಾ. ಮಮ್ಮಿ ಸ್ವೀಟ್ ಬಂದ್ ಮಾಡಿದ್ಳಲ್ಲ... ಒಂದೇ ಬೈಟ್. ಸ್ಕ್ರೂನಲ್ಲಿ ಅಟಕ್ ಗಯಾ, ಅಂಟಿಕೊಂಡ್ತು. ಅದಕ್ಕೆ ವಾಪಸ್ ಇಟ್ಟೆ."

"ಮೂರು ವಾರವೂ?"

"ಪ್ರತಿ ಸಲ ಅನ್ನಿಸ್ತು, ಈ ಸಲ ಅಂಟಲ್ಲ ಅಂತ."

ಸದಾನಂದರು ಬಗ್ಗಿ ಮಗಳ ಬಾಯೊಳಗೆ ನೋಡಿದರು. "ಕೀಲಿ ತಿರುಗಿಸುವುದು ಇವಳ ಅಮ್ಮ. ನನಗೆ ಹೊಳೀಲೇ ಇಲ್ಲ."

ಯಕ್ಷಿತಾಳೇ ಎದ್ದು ಶಿವಪುತ್ರಪ್ಪನ ಮುಂದೆ ನಿಂತಳು. "ಅಂಕಲ್, ನಾನೇ... ನಾನೇ ತಿಂದದ್ದು."

"ಇರ್ಲಿ ಬಿಡವ್ವಾ. ಸಣ್ಣಾಕಿ ನೀ," ಎಂದು ಅವನು ಅವಳ ತಲೆ ಸವರಿ ನಕ್ಕ.

ಸದಾನಂದರು ಗಿರಾಕಿಗಳ ಟೇಬಲ್ಲಿನ ಕುರ್ಚಿಯೊಂದನ್ನು ಎಳೆದರು. "ಶಿವಪುತ್ರಪ್ಪ, ಕೂತ್ಕೊ. ನನ್ನದು ತಪ್ಪಾಯ್ತು. ದೋಸೆ ತಿನ್ನು, ಕಾಫಿ ಕುಡಿ."

"ಶೇಟ್ರ, ಸಿಂಕ್ ತುಂಬಾ ಪಾತ್ರಿ ಬಿದ್ದಾವು. ನಾ ಕುಂತ್ರ ತೊಳ್ಯಾವ್ರು ಯಾರ್ರೀ?"

ಸದಾನಂದರು ಕೈಗಡಿಯಾರ ಬಿಚ್ಚಿ ನನ್ನ ಮುಂದಿಟ್ಟು, ಅಂಗಿಯ ತೋಳು ಮೇಲೇರಿಸುತ್ತಾ ಒಳಗೆ ನಡೆದರು.