ಅಳಿಯದ ಡಬ್ಲ್ಯೂ

ಬೆಳಗ್ಗೆ ಹನ್ನೊಂದು ಹತ್ತು. ಕ್ರೇನಿನ ಕಂಪ್ಯೂಟರಿನ ಮೇನ್ ಸ್ವಿಚ್ಚಿನ ಮೇಲೆ ಮ್ಯಾನೇಜರನ ಕೈ ಇತ್ತು. ಅದರ ಮೇಲೆ ನನ್ನ ಕೈ.

"ಕೈ ತೆಗೀರಿ ಸಾರ್."

"ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ ಕಣಯ್ಯ."

"ಸರಿಹೋಗುತ್ತೆ ಅನ್ನೋದೇ ನನ್ನ ಭಯ."

ಅವನ ಹಿಂದೆ ಇಬ್ಬರು ಕಾವಲುಗಾರರು. ಒಬ್ಬನ ಕೈಯಲ್ಲಿ ಸ್ಪ್ಯಾನರ್.

ಒಂಬತ್ತೂವರೆಗೆ ಕ್ರೇನಿನ ಕೊಕ್ಕೆ ತಾನಾಗಿ ಇಳಿದು ಲಾರಿ ಡ್ರೈವರನ ಕಾಲು ಮುರಿದಿತ್ತು. ಕ್ರೇನ್ ನಡೆಸುವ ಅಕ್ಕ ತಪ್ಪು ಗುಂಡಿ ಒತ್ತಿದಳೆಂದು ಬರೆದುಕೊಡಲು ನನ್ನನ್ನು ಕರೆಸಿದ್ದರು. ಕೆಟ್ಟ ಮಷೀನುಗಳ ತನಿಖೆ, ರಿಪೇರಿ ನನ್ನ ಕಸುಬು. ನಾನು ಸಹಿ ಹಾಕಿದರೆ ಆಕೆಯ ಕೆಲಸ ಹೋಗುತ್ತಿತ್ತು.

ಆದರೆ ಸ್ಕ್ರೀನಿನ ಮೇಲೆ, ಒಂಬತ್ತೂವರೆಗೆ ಕಂಪ್ಯೂಟರ್ ಕುಸಿದಾಗ ಕರ್ನಲ್ ಬರೆದ ವರದಿ ಇತ್ತು. ಅದರಲ್ಲೊಂದು ಅಕ್ಷರ. ಡಬ್ಲ್ಯೂ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಒಳಗೆ ಏನೋ ಎಡವಟ್ಟಾದರೆ ಎಚ್ಚರಿಕೆ ಕೊಟ್ಟು, ತನ್ನ ಮೇಲೆ ತಾನೇ ಒಂದು ಗುರುತು ಹಾಕಿಕೊಳ್ಳುತ್ತದೆ: ವಾರ್ನಿಂಗಿನ ಡಬ್ಲ್ಯೂ. ಕೆಲಸ ನಿಲ್ಲುವುದಿಲ್ಲ. ಗುರುತೂ ಹೋಗುವುದಿಲ್ಲ. ಮುಂದೆ ಎಂದಾದರೂ ಕುಸಿದು ಬಿದ್ದರೆ, 'ಇದಕ್ಕೂ ಮೊದಲೇ ಎಚ್ಚರಿಸಿದ್ದೆ' ಎಂದು ವರದಿಯಲ್ಲಿ ಆ ಗುರುತನ್ನು ತೋರಿಸುತ್ತದೆ. ಅದನ್ನು ಅಳಿಸುವ ದಾರಿ ಒಂದೇ... ಆಫ್ ಮಾಡುವುದು. ಡಿಸ್ಕ್ ತುಂಬಿ ಹೋಗಿದ್ದರಿಂದ ಇದ್ದ ಸಾಕ್ಷಿಯೆಲ್ಲ, ಆಫ್ ಮಾಡಿದರೆ ಅಳಿದುಹೋಗುವ ಮೆಮೊರಿಯಲ್ಲಷ್ಟೇ.

"ತಪ್ಪು ಆಕೆಯದಲ್ಲ ಸಾರ್. ಎಚ್ಚರಿಕೆ ಮೊದಲೇ ಬಂದಿದೆ. ಯಾರೋ ಅದು ಸ್ಕ್ರೀನಿಗೆ ಬರದ ಹಾಗೆ ಮಾಡಿದ್ದಾರೆ."

ಮ್ಯಾನೇಜರ್ ನಕ್ಕ. ಇನ್ನೊಂದು ಕೈಯಿಂದ ಕಂಪ್ಯೂಟರ್ ಪೆಟ್ಟಿಗೆಯ ಬಾಗಿಲು ತೆರೆದ. ರಿಪೇರಿಗೆ ಬಂದವರು ಸಹಿ ಹಾಕುವ ಚೀಟಿ ಒಳಗಡೆ ಅಂಟಿಸಿತ್ತು.

"ಯಾರು ಅಂತ ಓದಪ್ಪ."

ಹತ್ತೊಂಬತ್ತು ದಿನದ ಹಿಂದಿನ ತಾರೀಖು. 'ದೋಷವಿಲ್ಲ.' ಕೆಳಗೆ ನನ್ನ ಸಹಿ.

ನೆನಪಾಯಿತು. ಬ್ರೇಕಿನ ಸೆನ್ಸರ್ ಓದುವ ಭಾಗದಿಂದ ಎಚ್ಚರಿಕೆಗಳು ಬಂದು ಸ್ಕ್ರೀನ್ ತುಂಬುತ್ತಿದ್ದವು. ಕಾರಣ ಹುಡುಕಲು ಅರ್ಧ ದಿನ ಬೇಕಿತ್ತು. ಕಾಣದಂತೆ ಮಾಡಲು ಅರ್ಧ ನಿಮಿಷ. ಊಟಕ್ಕೆ ಹೊತ್ತಾಗಿತ್ತು.

"ತೊಂದರೆ ಏನಿಲ್ವಾ ಅಣ್ಣ?" ಎಂದು ಅಕ್ಕ ಅಂದೇ ಕೇಳಿದ್ದಳು.

"ಬರೀ ವಾರ್ನಿಂಗ್ ಅಕ್ಕ. ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?" ಎಂದಿದ್ದೆ.

"ಅದಕ್ಕೇ ನಿನ್ನನ್ನೇ ಕರೆಸಿದ್ದು," ಎಂದ ಮ್ಯಾನೇಜರ್. "ಒಂದು ಸ್ವಿಚ್ಚು. ನಿನ್ನ ಮಾನಾನೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ."

ಸುಳ್ಳು ಹೇಳುವುದಿಲ್ಲ. ನನ್ನ ಹಿಡಿತ ಸಡಿಲವಾಯಿತು.

ಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಬೈಯಲಿಲ್ಲ. ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ನಾನು ಕೇಳಿದ್ದೆ ಅಲ್ವಾ ಅಣ್ಣ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಎಡಗೈಯಲ್ಲಿ ಫೋನ್ ತೆಗೆದೆ. ಸ್ಕ್ರೀನಿನದೊಂದು ಫೋಟೋ, ಚೀಟಿಯದೊಂದು. ಸ್ಪ್ಯಾನರ್ ಮಣಿಕಟ್ಟಿಗೆ ಬೀಳುವ ಮೊದಲೇ ಎರಡೂ ಸರ್ಕಾರಿ ಸುರಕ್ಷತಾ ಅಧಿಕಾರಿಗೆ ಹೋಗಿದ್ದವು. ಮೂಳೆ ಲಟ್ಟೆಂದಿತು. ಫೋನ್ ಬಿತ್ತು.

"ಈಗ ಆಫ್ ಮಾಡಿ ಸಾರ್," ಎಂದೆ.

ವರದಿ ಬರೆದೆ. ಮೊದಲ ಸಾಲಿನಲ್ಲೇ ನನ್ನ ಹೆಸರು.

ಐದನೆಯ ದಿನ ಅಕ್ಕ ಮತ್ತೆ ಕ್ರೇನ್ ಹತ್ತಿದಳು. ಅದರ ರಿಪೇರಿಗೆ ಬೇರೆಯವರನ್ನು ಕರೆಸಿದ್ದರು.